ಓವಾಳಿ ನೋಟು

ಪಾರ್ಸಲ್ಲು ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು.
ತಕ್ಕಡಿ ಮ್ಯಾಲ ಇಟ್ಟರ ಮುಳ್ಳು ಏಳಲಾಕ ಮೈ ಮುರೀತು.
ಮ್ಯಾಲ ಅಂಟಿಸಿದ ಚೀಟಿ ಮಾತ್ರ ಭಾರ:
ಸುಂಕ, ಸುಂಕದ ಮ್ಯಾಲ ತೆರಿಗಿ,
ತೆರದು ತೋರಿಸಿದ್ದಕ್ಕ ನಮ್ಮ ಇಲಾಖೆದು ಒಂದಿಷ್ಟು,
ಎಲ್ಲಾ ಕೂಡಿ ಎಂಟುನೂರಾ ಎಪ್ಪತ್ತು.

ಯಾದಗಿರಿ ಸ್ಟೇಷನ್ ಕಡೆದು ನನ್ನ ಬೀಟು.
ಸೈಕಲ್ ಬಿಟ್ಟು ಸ್ಕೂಟಿ ಹಿಡದು ನಾಕು ವರ್ಷ ಆತು.
'ನ್ಯೂ ಭೀಮಾ ಬ್ರಾಸ್ ಬ್ಯಾಂಡ್' ಅಂತ ಬೋರ್ಡು,
ಅದರ ಕೆಳಗ ಬನಿಯನ್ ಮ್ಯಾಲ ಲಾಲಪ್ಪ ಭಜಂತ್ರಿ
ಕೆಂಪು ಕೋಟಿಗಿ ಹಿತ್ತಾಳಿ ಗುಂಡಿ ಹಚ್ಚತಿದ್ದ.

'ಬಂತೇನ್ರಿ ಅಕ್ಕಾ' ಅಂತ ಎದ್ದ. ಬಾಯಾಗಿನ ದಾರ ಹಂಗೇ ಇತ್ತು.

ಹತ್ತು ಪತ್ತಿ ಅವು. ಕ್ಲಾರೋನೆಟ್ಟಿನ ನಾಲಿಗಿ.
ಯಾವುದೋ ಸಮುದ್ರದ ಆಚಿ ಬೆಳದ ಜೊಂಡು ಸೀಳಿ
ಉಗುರಿನಷ್ಟು ತೆಳ್ಳಗ ಹೆರದದ್ದು.
ಅಕ್ಕನ ಮಗಳು ಮೊಬೈಲಿನ್ಯಾಗ ಒತ್ತಿ ತರಿಸಿದ್ದು.
ಹತ್ತೊಂಬತ್ತು ನೂರು ಆಗಲೇ ಹೋಗ್ಯಾವ,
'ಡೆಲಿವರಿ ಪುಕ್ಕಟೆ' ಅಂತ ಹಸರ ಅಕ್ಷರದಾಗ ಬರದಿತ್ತಂತ.

ನಾ ಚೀಟಿ ತೋರಿಸಿದೆ.
ಆತ ಓದಿದ. ಹೊಳ್ಳಿಸಿ ಹಿಂದೂ ಓದಿದ.
ಹಿಂದ ಏನೂ ಇರಲಿಲ್ಲ.

'ಇದು ಹುಲ್ಲರಿ ಅಕ್ಕಾ. ಭೀಮಾ ದಂಡ್ಯಾಗ
ಎಮ್ಮಿ ಮೈ ತಿಕ್ಕತಾವಲ್ಲ, ಅಂಥಾ ಆಪು.
ಊದಿದರ ದನಿ, ಊದದಿದ್ದರ ಒಲಿಗಿ ಕಡ್ಡಿ.
ಊದೂಕಿಂತ ಮೊದಲೇ ಯಾವುದಕ್ಕ ಹಾಕ್ಯಾರ ಇದು?'

ಸುಂಕದವನ ಮುಂದ ಸುಖದುಃಖ ಹೇಳಬ್ಯಾಡ ಅಂತಾರ.
ಸುಂಕದವ ಯಾವ ಊರಾಗ ಕುಂತಾನೋ ನಾನೂ ಕಂಡಿಲ್ಲ,
ಮುಂಬೈಯಾಗ ಇರಬೇಕು, ಠಸ್ಸೆ ಅಷ್ಟೇ ಬರತದ.
ಅದಕ್ಕ ಎಲ್ಲಾರೂ ನನ್ನ ಮುಂದ ಹೇಳತಾರ.
ಹೋದ ತಿಂಗಳ ಕೋಟಗಾರವಾಡದ ಟೀಚರಬಾಯಿ
ಮೊಮ್ಮಗನ ಚಸ್ಮಾದ ಫ್ರೇಮು ಒಲ್ಲೆ ಅಂದು
ನನಗ ಚಹಾ ಕೊಟ್ಟು ಬೈದಳು.

ಏಳು ದಿನ ಇಡತೀವಿ. ಆಮ್ಯಾಲ ಬಂದ ಹಾದಿ.
ಮೂರನೇ ದಿನ ಲಾಲಪ್ಪ ಬಂದ, ಬರೇ ನೋಡಲಾಕ.
ಜಾಳಗಿಯಾಗ ಮಾರಿ ಇಟ್ಟು 'ಅದ?' ಅಂದ.
'ಅದ' ಅಂದೆ.
ಐದನೇ ದಿನ ಬರಲಿಲ್ಲ. ಗುರುಮಠಕಲ್ಲಿನ್ಯಾಗ ಲಗ್ನ ಇತ್ತಂತ.
ಒಡದ ಪತ್ತಿಗೆ ದಾರ ಸುತ್ತಿ ಊದಿದನಂತ,
ಮ್ಯಾಲಿನ ಸ್ವರ ಬಂದಾಗೊಮ್ಮೆ ಡ್ರಮ್ಮಿನವಗ ಕಣ್ಣಸನ್ನಿ ಮಾಡಿ:
ಜೋರ ಬಾರಸು, ಮುಚ್ಚು.

ಏಳನೇ ದಿನ, ಕೌಂಟರ್ ಬಂದ್ ಮಾಡೂ ಹೊತ್ತಿಗಿ
ಕರ್ಚೀಪಿನ ಗಂಟು ಬಿಚ್ಚಿದ.
ಎಲ್ಲಾ ಹತ್ತರ ನೋಟು.
ಮದುಮಗನ ನೆತ್ತಿ ಮ್ಯಾಲ ಮೂರು ಸುತ್ತು ಓವಾಳಿಸಿ
ಕುಣಿಯೂ ಮಂದಿ ಬ್ಯಾಂಡಿನ ಕಡಿ ಒಗದದ್ದು.
ಕೆಲವಕ್ಕ ಅರಿಷಿಣ ಹತ್ತಿತ್ತು, ಕೆಲವು ಬೆವರಿನ್ಯಾಗ ಮೆತ್ತಗ,
ಒಂದರ ಮ್ಯಾಲ ಯಾರದೋ ಬೂಟಿನ ಗುರುತು.

ದೃಷ್ಟಿ ತೆಗದ ರೊಕ್ಕ ಸರಕಾರಕ್ಕ ನಡಿತದೋ ಇಲ್ಲೋ
ನಾ ಕೇಳಲಿಲ್ಲ. ಎಣಿಸಿದೆ.
ಎಂಬತ್ತೇಳು.

ಪೋಸ್ಟ್‌ಮಾಸ್ತರು ಒಂದನ್ನ ಬೆಳಕಿಗಿ ಹಿಡದು
'ಇದು ಹರದದ' ಅಂತ ಹೊಳ್ಳಿ ಸರಿಸಿದರು.
ಲಾಲಪ್ಪ ಕಿಸೆ ತಡವಿಕೊಂಡ.
ಗುಂಡಿ ಒಂದು ಸಿಕ್ಕಿತು, ಹಿತ್ತಾಳಿದು.

ಹ್ಯಾಂಗೋ ಲೆಕ್ಕ ಮುಗೀತು. ಅಲ್ಲೇ ನಿಂತು ಡಬ್ಬಿ ತೆಗದ.
ಹತ್ತರಾಗ ಎರಡು ಸೀಳಿದ್ದವು. ಏನೂ ಅನಲಿಲ್ಲ.
ಚಲೋದೊಂದು ಆರಿಸಿ ಬಾಯಾಗಿಟ್ಟು ತೊಯ್ಸಿದ,
ಕೂಸು ಬೆಲ್ಲ ಚೀಪಿದಂಗ.
ವಾದ್ಯ ಮನ್ಯಾಗ ಅದ, ಬರೇ ಪತ್ತಿ ದನಿ ಕೊಡೂದಿಲ್ಲ
ಅನ್ನೂದು ನನಗ ಗೊತ್ತಿರಲಿಲ್ಲ.
ನಾ ಕಾಯಕೋತ ನಿಂತೆ.
ಸ್ಕ್ಯಾನರ್ ಒಂದು ಪೀಂ ಅಂತು.

ಹರದ ನೋಟು ನನ್ನ ಚೀಲದಾಗದ.
ಅದರ ಬದಲಿ ನಂದೊಂದು ಹಾಕಿದ್ದು ಆತಗ ಹೇಳಿಲ್ಲ.
ಕಾಯಿಪಲ್ಲೆದಾಕಿ ಒಲ್ಲೆ ಅಂದಳು,
ಪೆಟ್ರೋಲಿನವ ಒಲ್ಲೆ ಅಂದ.
ಸೀಳಿನ ಅಂಚಿನ್ಯಾಗ ಅರಿಷಿಣ
ಇನ್ನೂ ಹೋಗಿಲ್ಲ.