ಕಡ್ಡಿ ಸಡಿಲ

ಒದ್ದೆ ಬಟ್ಟೆಯಲ್ಲಿ ಸುತ್ತಿ
ಫ್ರಿಜ್ಜಿನಲ್ಲಿ, ದೋಸೆ ಹಿಟ್ಟಿನ ಪಕ್ಕ,
ತಿಂಗಳಿಡೀ ಇಡಬೇಕಂತೆ ಈ ಕೋನ್‌ಫ್ಲವರ್ ಬೀಜ.
ಚಳಿ ತಿನ್ನದೆ ಕಣ್ಣು ಬಿಡುವುದಿಲ್ಲವಂತೆ.
ಯಾದವಗಿರಿಯ ಡಿಸೆಂಬರ್ ಸಾಲದೇ, ಅಂದೆ.
ಸಾಲದು, ಅಂದರು ಅರುಳಪ್ಪ ಮಾವ.

ಹನ್ನೆರಡನೇ ದಿನ ಅತ್ತೆ ಸೆಲಿನಮ್ಮ
ಜೀರಿಗೆ ಅಂದುಕೊಂಡು ಒಂದು ಚಿಟಿಕೆ
ಸಾರಿನ ಒಗ್ಗರಣೆಗೆ ಹಾಕಿದರು.
ಉಂಡೆವು. ಏನೂ ಆಗಲಿಲ್ಲ.
ಮಾವ ಮಾತ್ರ ಎರಡು ದಿನ ಮಾತಾಡಲಿಲ್ಲ.

ಉಳಿದವು ಹತ್ತೊಂಬತ್ತು, ಮೊಳೆತವು ಏಳು.
ಅಳಿಲಿಗೆ ಮೂರು, ನನ್ನ ಕೈತಪ್ಪಿ ಒಂದು.
ಮೊದಲ ವರ್ಷ ಬರೀ ಎಲೆ,
ದನದ ನಾಲಿಗೆಯಂಥ ಒರಟು ಎಲೆ.
ಮಲ್ಲಿಗೆ ಮಾರುವ ಪುಟ್ಟತಾಯಿ ಗೇಟಿನಲ್ಲೇ ನಿಂತು
"ಮುಡಿಯಕ್ಕಾಗಲ್ಲ, ಪೂಜೆಗಾಗಲ್ಲ,
ಯಾರ್ಗವ್ವ ಇದು?" ಅಂದಳು.

ಈ ಆಷಾಢದಲ್ಲಿ, ಪೇಂಟ್ ಡಬ್ಬದಲ್ಲಿ,
ಒಂದು ಅರಳಿತು.
ಅರಳಿದ್ದೇ ತಡ, ದಳಗಳನ್ನೆಲ್ಲ
ಹಿಂದಕ್ಕೆ ಜೋತುಬಿಟ್ಟಿತು.
ಜಾವಾ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ
ಚಕ್ರಕ್ಕೆ ಕಡ್ಡಿ ಕೂರಿಸಿದ ಮಾವ
ನಡುಗುವ ಬೆರಳಲ್ಲಿ ಒಂದೊಂದೇ ಎತ್ತಿ ನೋಡಿ
"ಕಡ್ಡಿ ಸಡಿಲ. ಬಿಗಿ ಮಾಡ್ಬೇಕು," ಅಂದರು.
ನಗಲೋ ಬೇಡವೋ ತಿಳಿಯಲಿಲ್ಲ.

ಅಷ್ಟರಲ್ಲಿ ಒಂದು ತುಡುವೆ,
ಬೆರಳಿಗೂ ಅಂಜದೆ,
ನಡುವಿನ ಮುಳ್ಳು ಗುಬಟಿನ ಮೇಲಿಳಿದು
ಸುತ್ತತೊಡಗಿತು.
ಮಾವ ಕೈ ತೆಗೆಯಲಿಲ್ಲ.
ತಲೆ ಓರೆ ಮಾಡಿ ಕಿವಿಗೊಟ್ಟರು,
ಚಕ್ರ ಎಲ್ಲಿ ತಾಗುತ್ತಿದೆ ಎಂದು
ಕೇಳಿಸಿಕೊಳ್ಳುವವರ ಹಾಗೆ.
ಒಳಗೆ ಕುಕ್ಕರ್ ಕೂಗಿತು.
ಶ್, ಅಂದರು.