ಗುಬ್ಬಿ ಗೇಟು

ಆರು ಜನ, ಐದು ಸೀಟು, ಒಂದು ಸ್ಟೆಪ್ನಿ,
ಮೂರಂತಸ್ತಿನ ಕ್ಯಾರಿಯರು, ಬಾಳೆಹಣ್ಣು ಎರಡು ಡಜನ್.
ಕಾರು ಬೆಳಗುಂಬ ದಾಟುವ ಮೊದಲೇ
ಅಮ್ಮನ ಎಣಿಕೆ ಮುಗಿದಿತ್ತು.

ಅವಳು ಸೌಂದರಮ್ಮ.
ಆದಿನಾಥ ಒಬ್ಬ ಮಗಳಿಗೆ ಅಕ್ಷರ ಕೊಟ್ಟನಂತೆ,
ಇನ್ನೊಬ್ಬಳಿಗೆ ಅಂಕಿ.
ಅಂಕಿಯವಳ ಹೆಸರನ್ನು ನಿಟ್ಟೂರಿನ ತಾತ ಇವಳಿಗಿಟ್ಟ,
ಇಟ್ಟು, ಮೂರನೇ ಕ್ಲಾಸಿಗೇ ಸ್ಕೂಲು ಬಿಡಿಸಿದ.

ದುರ್ಗದ ನರಸಿಂಹ ಅಪ್ಪನ ಮನೆದೇವರು.
ಅಪ್ಪ ಉದ್ದಕ್ಕೆ ಅಡ್ಡಬಿದ್ದರೆ
ಅಮ್ಮ ಕಂಬಕ್ಕೊರಗಿ ಕೈಮುಗಿದಳು.
ಕರುಳು ಬಗೆದ ಕಥೆ ಅವಳಿಗೆ ಬೇಡ.
"ಯೋಗಕ್ಕೆ ಕೂತಿದ್ದಾನಲ್ಲ, ಹೀಗಿದ್ದರೆ
ನಮ್ಮವನ ಹಾಗೇ ಕಾಣ್ತಾನೆ" ಅಂದಳು, ಮೆತ್ತಗೆ.
ಹೊರಗೆ ಕೋತಿಗೆ ಹೋದದ್ದು ಏಳು ಹಣ್ಣು.
ಅಪ್ಪ ಎಂಟು ಎಂದ. ಏಳೇ.

ಮಂದರಗಿರಿಯಲ್ಲಿ ಮಂಡಿ ಹತ್ತಗೊಡಲಿಲ್ಲ.
ನವಿಲುಗರಿಯ ಕುಂಚದಂಥ ಗುಡಿಯ ನೆರಳಲ್ಲಿ ಕೂತು
ಮೊಮ್ಮಗಳು ಇಂಚರಳನ್ನು ಮೇಲಕ್ಕೆ ಅಟ್ಟಿದಳು:
"ಒಂದೊಂದೂ ಎಣಿಸು."
ಇಳಿದು ಬಂದ ಹುಡುಗಿಯ ಲೆಕ್ಕ ಮೂರು ಕಮ್ಮಿ.
"ಎಲ್ಲೋ ಹಾರಿದ್ದೀಯ" ಎಂದಳು ಅಮ್ಮ,
ಹದಿನೇಳರಲ್ಲಿ ಹತ್ತಿದ ಮೆಟ್ಟಿಲನ್ನು
ಎಪ್ಪತ್ತರಲ್ಲೂ ಬಿಟ್ಟುಕೊಡದೆ.

ಹೊತ್ತಾದದ್ದು ಕೈದಾಳದಲ್ಲಿ.
ಕತ್ತರಿಸಿಕೊಂಡ ಶಿಲ್ಪಿಯ ಕೈ ಮರಳಿ ಬಂದ ಊರು.
ಅಪ್ಪ ಚೆನ್ನಕೇಶವನ ಮುಂದೆ
ಅಕ್ಕಿ ಗಿರಣಿಯ ಬೆಲ್ಟು ತಿಂದ ಎರಡು ಬೆರಳಿನ
ಬಲಗೈ ಬಿಚ್ಚಿ, ಮಗುಚಿ, ಮತ್ತೆ ಬಿಚ್ಚಿ
ನಿಂತೇ ನಿಂತ. ಬಾರಯ್ಯ ಅನ್ನಲು
ಯಾರಿಗೂ ಬಾಯಿ ಬರಲಿಲ್ಲ.
ಆಚೆ ಬಂದು ಕೇಳಿದ, "ಎಷ್ಟಿವೆ ನೋಡೇ?"
ಅಮ್ಮ ನೋಡದೆಯೇ ಅಂದಳು: "ಎಂಟು.
ತಾಳಿ ಕಟ್ಟುವಾಗಲೂ ಎಂಟೇ."

ಗುಬ್ಬಿ ದಾಟಿದ ಮೇಲೆ ಗೇಟು ಬಿದ್ದಿತ್ತು.
ಎದುರಿಗೆ ಸೂರ್ಯ, ಹುಣಸೆಮರದ ಎತ್ತರಕ್ಕೆ.

ಹೊತ್ತು ಮುಳುಗಿದರೆ ಅಮ್ಮನ ಬಾಯಿಗೆ ನೀರೂ ಇಲ್ಲ.
ಅಪ್ಪನದು ರಾತ್ರಿ ಒಂಬತ್ತರ ಮುದ್ದೆ.
ಅವಳ ಜೊತೆ ಒಂದು, ಅವನ ಜೊತೆ ಒಂದು,
ಎರಡೂ ಧರ್ಮಕ್ಕೆ ಉಂಡು
ದಪ್ಪಗಾದ ಮಕ್ಕಳು ನಾವು.

"ಇಲ್ಲೇ ಬಿಚ್ಚಿ" ಅಂದ ಅಪ್ಪ.
ಕಾರಿನ ಬಿಸಿ ಬಾನೆಟ್ಟಿನ ಮೇಲೆ ಕ್ಯಾರಿಯರು,
ಈರುಳ್ಳಿಯಿಲ್ಲದ ಚಿತ್ರಾನ್ನ.
ಹಿಂದಿನ ಟ್ರಾಕ್ಟರಿನವನು ಹಾರನ್ನು ನಿಲ್ಲಿಸಿ
ನೋಡತೊಡಗಿದ.

ರೈಲು ಬಂತು.
ಬೋಗಿ ಬೋಗಿಯ ಸಂದಿನಲ್ಲಿ ಸೂರ್ಯ
ಇದ್ದಾನೆ, ಇಲ್ಲ,
ಇದ್ದಾನೆ, ಇಲ್ಲ,
ಇದ್ದಾಗ ಅಮ್ಮನ ಕೈ ಬಾಯಿಗೆ,
ಇಲ್ಲದಾಗ ತಟ್ಟೆಯ ಮೇಲೇ ನಿಂತು.
ಇಂಚರ ನಗುತ್ತ ಕೂಗುತ್ತಿದ್ದಳು, ಈಗ! ಈಗ!
ಕೊನೆಯ ಬೋಗಿ ಕಳೆದಾಗ
ಹಳಿಯಾಚೆ ಬರೀ ಕೆಂಪು.
ಅಮ್ಮನ ಕೈಯಲ್ಲಿ ಒಂದು ತುತ್ತು ಉಳಿದಿತ್ತು.

ಯಾರೂ ಮಾತಾಡಲಿಲ್ಲ.
ಅಪ್ಪ ಎಂಟು ಬೆರಳಿನ ಕೈಗಳನ್ನು ಬೊಗಸೆ ಮಾಡಿ
ಪ್ರಸಾದ ಕೇಳುವ ಹಾಗೆ ಚಾಚಿದ.
ಅವಳು ಹಾಕಿದಳು.

ನಿಟ್ಟೂರು ಮುಟ್ಟಿದಾಗ ಕತ್ತಲೆ.
ಬಸದಿಗೆ ಬೀಗ. ಕೀಲಿ ಇರುವವರು
ಗುಬ್ಬಿಯಲ್ಲಿ ಮದುವೆಗೆ ಹೋಗಿದ್ದಾರಂತೆ.
ನಾವು ಬಂದದ್ದೂ ಅಲ್ಲಿಂದಲೇ!
ಅಮ್ಮ ಬಾಗಿಲಿಗೆ ಅಂಗೈ ಒತ್ತಿ ನಿಂತಳು.
ಮದುವೆಯಾದ ಮೇಲೆ ಈ ಊರಿಗೆ ಅವಳನ್ನು
ಕರೆದವರು ಯಾರು? ಕೇಳಿದವರು ಯಾರು?
ನಾವೂ ಕೇಳಿರಲಿಲ್ಲ.
ಒಳಗೆಲ್ಲೋ ಕತ್ತಲಲ್ಲಿ ಜ್ವಾಲಾಮಾಲಿನಿ.

"ಲೈಟ್ ಹಾಕೇ" ಅಂದಳು ನನಗೆ.
ಹೆಡ್‌ಲೈಟಿನಲ್ಲಿ ಹೊರಗೋಡೆ ಎದ್ದು ಬಂತು,
ಸಣ್ಣ ಸಣ್ಣ ಗೂಡು, ಕೂತವರು, ನಿಂತವರು,
ಮೂಗು ಮುಕ್ಕಾದವರು.
ಅವಳು ಬೆರಳೆತ್ತಿ ಎಣಿಸಿದಳು, ತುಟಿ ಆಡಿಸುತ್ತ,
ಒಂದು ತುದಿಯಿಂದ ಇನ್ನೊಂದು ತುದಿಗೆ.

"ಎಷ್ಟಾಯ್ತು?" ಅಂದ ಅಪ್ಪ.

"ತಪ್ಪಿಹೋಯ್ತು" ಅಂದಳು ಅಮ್ಮ,
ಸಂತೆಯ ಚಿಲ್ಲರೆಯಲ್ಲೂ ಎಂದೂ ತಪ್ಪದವಳು.
"ಲೈಟ್ ಆರಿಸಬೇಡ. ಮೊದಲಿಂದ ಎಣಿಸ್ತೀನಿ."