ಒಳಕಾಲಿನ ಅಳತೆ

ತಂದ ದಿನ ಅದು ತಾನೇ ನಿಂತಿತ್ತು ಗೋಡೆಗೊರಗಿ,
ಒಳಗೆ ಯಾರೂ ಇಲ್ಲದೆ.
ಅಷ್ಟು ಗಂಜಿ, ಅಷ್ಟು ಬಿಗಿ.
ಒಮ್ಮೆಯೂ ನೀರು ಕಾಣದ ಡೆನಿಮ್ಮು.
ಫ್ಯಾಕ್ಟರಿ ಸೇಲಿನಲ್ಲಿ ಆರುನೂರ ಐವತ್ತು,
ಸಂಬಳದಲ್ಲಿ ಹಿಡಿದುಕೊಂಡರು.

ಅಡ್ಲಿಮನೆ ರಸ್ತೆಯ ನಮ್ಮ ವಠಾರಕ್ಕೆ
ನಲ್ಲಿನೀರು ಮೂರು ದಿನಕ್ಕೊಮ್ಮೆ.
ಭಾನುವಾರ ಬಂತು. ಒಂದು ಟಬ್ಬು ಇದಕ್ಕೇ ಮೀಸಲು.
ಬಿಸಿನೀರು, ಒಂದು ಹಿಡಿ ಕಲ್ಲುಪ್ಪು.
ಒಳಮಗ್ಗುಲು ಹೊರಗೆ ಮಾಡಿ ಅದ್ದಿದರೆ
ಮುಳುಗಲೊಲ್ಲದು. ಮೊಣಕಾಲೆತ್ತುತ್ತದೆ,
ಸೊಂಟ ಉಬ್ಬಿಸುತ್ತದೆ, ಗುಳುಗುಳು ಗಾಳಿ ಬಿಡುತ್ತದೆ.
ರುಬ್ಬುಗುಂಡು ಹೇರಿದೆ.
"ಯಾರನ್ನೇ ಮುಳುಗಿಸ್ತಿದ್ದೀಯ?" ಮೆಟ್ಟಿಲಿಂದ ಇಂದ್ರಾಣಿ.

"ಮೊದ್ಲು ನೆನೆಸು, ಆಮೇಲೆ ಕತ್ತರಿಸು" ಎಂದಿದ್ದಳು
ವಾಷಿಂಗ್ ಸೆಕ್ಷನ್ನಿನ ಶಾಹಿದಾ,
"ಇಲ್ದಿದ್ರೆ ಒಂದೇ ಒಗೆತಕ್ಕೆ
ನಿನ್ನ ಪ್ಯಾಂಟು ನಿಮ್ಮಕ್ಕನ ಮಗಂದು."

ಎರಡು ಗಂಟೆ. ನೀರಿಗೆ ಮೊದಲು ಬಸಿದ ಅನ್ನದ ವಾಸನೆ,
ಆಮೇಲೆ ನೇರಳೆ ತಿಂದ ನಾಲಗೆಯ ಬಣ್ಣ.
ಹಿಂಡದೆ, ಸೊಂಟ ಹಿಡಿದು ಟೆರೇಸಿನಲ್ಲಿ ತೂಗುಹಾಕಿದೆ.
ಅಜ್ಜಿಯ ಮಡಿಸೀರೆಯ ಹಾಗೆ
ಯಾರೂ ಮುಟ್ಟುವಂತಿಲ್ಲ;
ಮುಟ್ಟಿದರೆ ಮುಟ್ಟಿದವರಿಗೇ ಮೈಲಿಗೆ, ನೀಲಿ.

ಹದಿನಾಲ್ಕು ವರ್ಷದಿಂದ ನನ್ನ ಕೆಲಸ ಇದೇ:
ಮೇಜಿನ ಮೇಲೆ ಹರವು, ಟೇಪು ಹಿಡಿ,
ಎಡ ಒಳಕಾಲು, ಬಲ ಒಳಕಾಲು.
ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ ಕೆಂಪು ಸ್ಟಿಕ್ಕರ್.
ದಿನಕ್ಕೆ ನಾನೂರು ಜೊತೆ ಕಾಲು, ನಿಂತೇ ಅಳೆಯುತ್ತೇನೆ,
ಒಂದೂವರೆ ಇಂಚು ಗಿಡ್ಡವಾದ ಬಲಗಾಲಿನ ಹಿಮ್ಮಡಿಯನ್ನು
ಸೀರೆಯೊಳಗೆ ಎತ್ತಿ ಹಿಡಿದು.
ನೆರಿಗೆ ಈವರೆಗೆ ಯಾರ ಮುಂದೂ ಬಾಯಿ ಬಿಟ್ಟಿಲ್ಲ.

ಒಮ್ಮೆ ರಿಜೆಕ್ಟ್ ರಾಶಿಯಲ್ಲಿ ಸಿಕ್ಕಿತ್ತು ಒಂದು,
ಸರಿಯಾಗಿ ಒಂದೂವರೆ ಇಂಚಿನ ತಪ್ಪು.
ಎದೆ ಧಸಕ್ಕೆಂದಿತು. ಮಗುಚಿ ನೋಡಿದೆ:
ಗಿಡ್ಡವಿದ್ದದ್ದು ಎಡಗಾಲು.
ಜಿಪ್ಪು ಹಿಂದೆ ಮಾಡಿ ಹಾಕಿಕೊಳ್ಳಲೇ?
ಸ್ಟಿಕ್ಕರ್ ಅಂಟಿಸಿ ಕಳಿಸಿದೆ.

ಸಂಜೆ ಇಂದ್ರಾಣಿಯ ಕಾಲುಮಿಷನ್ನು,
ಚಿಪ್ಪಿನಕಟ್ಟೆಯ ಅಂಬೋರೆಯವರ ಅಂಗಡಿಯ ಹದಿನೆಂಟನೇ ನಂಬರ್ ಸೂಜಿ,
ಕಿತ್ತಳೆ ದಾರ.
ಕನ್ನಡಿಯ ಮುಂದೆ ಬರಿಗಾಲಲ್ಲಿ ನಿಂತೆ,
ಹಿಮ್ಮಡಿ ಊರಿ. ಸೊಂಟ ವಾಲಿತು, ವಾಲಲಿ.
ಗುಂಡುಪಿನ್ನು ಚುಚ್ಚಿದೆ, ಎಡಕ್ಕೊಂದು ಎತ್ತರ, ಬಲಕ್ಕೊಂದು.
ಬಲಗಾಲಿನ ಹತ್ತಿರ ಕತ್ತರಿ ತಡೆಯಿತು.
ತಪ್ಪು, ತಪ್ಪು ಅನ್ನುತ್ತಿತ್ತು ಹದಿನಾಲ್ಕು ವರ್ಷದ ಕೈ.
ಕತ್ತರಿಸಿದೆ.

ಪಕ್ಕದ ಹೊಲಿಗೆಯ ಗಂಟಿನಲ್ಲಿ, ಮೂರು ಮಡಿಕೆ ಸೇರುವಲ್ಲಿ
ಕಟ್ ಎಂದಿತು ಮೊದಲ ಸೂಜಿ.
ಕುಟ್ಟಾಣಿಯಲ್ಲಿ ಜಜ್ಜಿದೆ, ಸೋಪು ಸವರಿದೆ,
ಚಕ್ರವನ್ನು ಕೈಯಲ್ಲೇ ತಿರುಗಿಸಿ ಒಂದೊಂದೇ ಹೊಲಿಗೆ ದಾಟಿಸಿದೆ,
ಎಮ್ಮೆಗರುವನ್ನು ಹಳ್ಳ ದಾಟಿಸುವ ಹಾಗೆ.

ಉಳಿದದ್ದು ಎರಡು ಬಟ್ಟೆಯ ಬಳೆ.
ಇಂದ್ರಾಣಿಯ ಮೊಮ್ಮಗಳು ಎರಡೂ ಕೈಗೆ ತೊಟ್ಟು
"ಇದ್ಯಾಕೆ ಅಗ್ಲ?" ಅಂದಳು.
"ಅದು ಬಲಗಾಲಿಂದು."
"ಹೂಂ" ಅಂದು ಓಡಿದಳು.

ಷಿಫ್ಟಿಗೆ ಹಾಕಿಕೊಂಡು ಹೋಗಲು ಇನ್ನೂ ಧೈರ್ಯ ಬಂದಿಲ್ಲ.
ಸೋಮವಾರ ಉಗುರಿನ ಸಂದಿಯ ನೀಲಿ ಮಾತ್ರ
ನನ್ನ ಜೊತೆ ಬಸ್ಸು ಹತ್ತಿತು.
ಸೂಪರ್‌ವೈಸರ್ ಕೈ ನೋಡಿ ಹೇಳಿದ:
"ದಾಕ್ಷಾಯಣಿ, ಇವತ್ತು ಬಿಳೀ ಲಾಟು ಮುಟ್ಬೇಡಿ."